ಚಿತ್ರದ ಮುಂದೆ ಹತ್ತು ನಿಮಿಷ: ಕಲಾಪ್ರದರ್ಶನ ನೋಡುವುದು, ನೋಡಿದ್ದನ್ನು ಹೇಳುವುದು

ಕಲಾಪ್ರದರ್ಶನ ನೋಡಿಬಂದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಎರಡೇ: ‘ಚೆನ್ನಾಗಿತ್ತು’, ಇಲ್ಲವೇ ‘ನಮಗೆಲ್ಲಿ ಅರ್ಥವಾಗುತ್ತೆ ಬಿಡಿ’. ಒಬ್ಬರಿಗೆ ಹಿಡಿಸಿದೆ, ಇನ್ನೊಬ್ಬರಿಗೆ ಹಿಡಿಸಿಲ್ಲ. ಆದರೆ ಇಬ್ಬರೂ ನೋಡಿದ್ದು ತೀರ ಸ್ವಲ್ಪ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಹೆಸರಾಂತ ಚಿತ್ರಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಗಡಿಯಾರ ಹಿಡಿದು ಲೆಕ್ಕ ಹಾಕಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ಅರ್ಧದಷ್ಟು ಸಲ 17 ಸೆಕೆಂಡು ತುಂಬುವ ಮೊದಲೇ ಜನ ಮುಂದಕ್ಕೆ ಸರಿದಿದ್ದರು. ಪಕ್ಕದ ಲೇಬಲ್ ಓದಿದ ಹೊತ್ತೂ ಇದರಲ್ಲೇ ಸೇರಿತ್ತು.

ಚಿತ್ರಕಲೆ ಅರ್ಥವಾಗುವುದಿಲ್ಲ ಎನ್ನುವ ದೂರಿನ ಬಹುಪಾಲು ಈ 17 ಸೆಕೆಂಡಿನಲ್ಲೇ ಅಡಗಿದೆ. ಕಲೆಯ ಇತಿಹಾಸ ಓದಿಕೊಂಡು ಹೋಗಬೇಕಾಗಿಲ್ಲ. ಓದಿದ್ದರೆ ಲಾಭ ಉಂಟು, ಓದದಿದ್ದರೆ ನಷ್ಟವೇನಿಲ್ಲ. ಬೇಕಾದದ್ದು ಒಂದು ಕ್ರಮ: ಮೊದಲು ಕಣ್ಣು, ಆಮೇಲೆ ಲೇಬಲ್, ಕೊನೆಗೆ ಅಭಿಪ್ರಾಯ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. ಅಭಿಪ್ರಾಯವನ್ನು ಬಾಗಿಲಲ್ಲೇ ತಂದಿರುತ್ತಾರೆ, ಲೇಬಲ್ ಓದುತ್ತಾರೆ, ಚಿತ್ರದ ಕಡೆ ಒಮ್ಮೆ ತಲೆಯೆತ್ತಿ ಹೌದು ಹೌದು ಎಂದುಕೊಂಡು ಹೊರಡುತ್ತಾರೆ.

ಹೋಗುವ ಮುಂಚೆ

ಉದ್ಘಾಟನೆಯ ಸಂಜೆ ಚಿತ್ರ ನೋಡಲು ತಕ್ಕ ಹೊತ್ತಲ್ಲ. ಅಂದು ಕಲಾವಿದರ ಕೈಕುಲುಕಬಹುದು, ಪರಿಚಿತರನ್ನು ಕಾಣಬಹುದು. ಚಿತ್ರದ ಮುಂದೆ ಮಾತ್ರ ಯಾವಾಗಲೂ ಯಾರದಾದರೂ ಬೆನ್ನಿರುತ್ತದೆ. ಪ್ರದರ್ಶನದ ಕೊನೆಯ ಶನಿವಾರ, ಭಾನುವಾರಗಳೂ ಹಾಗೆಯೇ, ಮುಂದೂಡುತ್ತ ಬಂದವರೆಲ್ಲ ಅಂದೇ ಬರುತ್ತಾರೆ. ವಾರದ ನಡುವಿನ ಒಂದು ದಿನ, ಬಾಗಿಲು ತೆರೆದ ಮೊದಲ ಗಂಟೆ ಎಲ್ಲಕ್ಕಿಂತ ಒಳ್ಳೆಯದು. ಹಲವು ಮ್ಯೂಸಿಯಮ್ಮುಗಳಿಗೆ ವಾರದ ರಜೆ ಸೋಮವಾರವೋ ಮಂಗಳವಾರವೋ ಇರುತ್ತದೆ, ವಿಚಾರಿಸಿಕೊಂಡು ಹೊರಡಿ.

ಒಂದು ಭೇಟಿಗೆ ಒಂದರಿಂದ ಒಂದೂವರೆ ಗಂಟೆ ಸಾಕು. ಅದಕ್ಕಿಂತ ಹೆಚ್ಚಾದರೆ ಕಣ್ಣು ತೆರೆದಿರುತ್ತದೆ, ನೋಟ ಮುಚ್ಚಿರುತ್ತದೆ. ಇದು ನಿಮ್ಮ ಆಸಕ್ತಿಯ ಕೊರತೆಯಲ್ಲ. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಮ್ಮಿನಲ್ಲಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಇದನ್ನು ‘ಮ್ಯೂಸಿಯಂ ಆಯಾಸ’ ಎಂದು ಕರೆದು, ವಸ್ತುಗಳನ್ನೂ ಲೇಬಲ್ಲುಗಳನ್ನೂ ನೋಡಲು ಒಬ್ಬ ವ್ಯಕ್ತಿ ಎಷ್ಟು ಬಗ್ಗಬೇಕು, ಎಷ್ಟು ಕುಕ್ಕರಿಸಬೇಕು ಎಂಬುದನ್ನು ಫೋಟೊ ತೆಗೆದು ತೋರಿಸಿದ್ದರು. ಆಯಾಸ ಮೊದಲು ಸೊಂಟಕ್ಕೆ, ಕಾಲಿಗೆ; ತಲೆಗೆ ಏರುವುದು ಆಮೇಲೆ. ಆದ್ದರಿಂದ ಮೆತ್ತನೆಯ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ, ಬೆಂಚು ಕಂಡಲ್ಲಿ ನಾಚದೆ ಕೂತುಕೊಳ್ಳಿ. ಬೆಂಚಿನ ಎದುರಿಗಿರುವ ಚಿತ್ರವನ್ನೇ ಹೆಚ್ಚು ಹೊತ್ತು ನೋಡುವುದೂ ಒಂದು ಉಪಾಯವೇ.

ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ಕು, ಒಂದು 2ಬಿ ಪೆನ್ಸಿಲ್ಲು ಇರಲಿ. ಪೆನ್ನು ಬೇಡ. ಹಲವು ಕಡೆ ಒಳಗೆ ಬಿಡುವುದೂ ಇಲ್ಲ. ಸಿಡಿದ ಇಂಕಿನ ಹನಿಯನ್ನು ಕ್ಯಾನ್ವಾಸಿನಿಂದ ತೆಗೆಯುವುದು ಬಹಳ ಕಷ್ಟ. ಓದುವ ಕನ್ನಡಕ ಇದ್ದರೆ ಮರೆಯಬೇಡಿ, ಲೇಬಲ್ಲಿನ ಅಕ್ಷರ ಚಿಕ್ಕದಿರುತ್ತದೆ. ಬೆನ್ನಿಗೆ ಹಾಕುವ ಬ್ಯಾಗನ್ನು ಕೌಂಟರಿನಲ್ಲಿ ಬಿಡಿ, ಬಿಡುವ ಸೌಲಭ್ಯವಿಲ್ಲದಿದ್ದರೆ ಎದೆಯ ಮೇಲೆ ಹಾಕಿಕೊಳ್ಳಿ. ತಿರುಗುವಾಗ ನಮ್ಮ ಬೆನ್ನು ಎಲ್ಲಿದೆ ಎಂಬುದು ನಮಗೆ ತಿಳಿದಿರುತ್ತದೆ, ಬ್ಯಾಗು ಎಲ್ಲಿದೆ ಎಂಬುದು ತಿಳಿದಿರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಗಾಜು ಹಾಕಿದ ಚಿತ್ರಗಳು ಹೆಚ್ಚಿರುವ ಪ್ರದರ್ಶನಕ್ಕೆ ಬಿಳಿ ಅಂಗಿ ಹಾಕಿಕೊಂಡು ಹೋದರೆ ಪ್ರತಿ ಚಿತ್ರದಲ್ಲೂ ನಿಮ್ಮ ಅಂಗಿಯೇ ಕಾಣುತ್ತದೆ. ಗಾಢ ಬಣ್ಣದ್ದು ಹಾಕಿಕೊಳ್ಳಿ.

ಮೊದಲ ಸುತ್ತು: ಓದದೆ ನಡೆಯಿರಿ

ಒಳಗೆ ಹೋದ ಕೂಡಲೇ ಎಡಗಡೆಯ ಮೊದಲ ಚಿತ್ರದಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತ ಹೋಗುವುದು ಎಲ್ಲರ ಅಭ್ಯಾಸ. ಮೊದಲ ಕೋಣೆಯಲ್ಲಿ ಉತ್ಸಾಹವೆಲ್ಲ ಖರ್ಚಾಗಿ, ಕೊನೆಯ ಕೋಣೆಯನ್ನು ಓಡುತ್ತ ದಾಟುವುದು ಇದರಿಂದಲೇ. ಹಾಗೆ ಮಾಡದೆ, ಹತ್ತು ಹದಿನೈದು ನಿಮಿಷದಲ್ಲಿ ಇಡೀ ಪ್ರದರ್ಶನವನ್ನು ಒಮ್ಮೆ ಸುತ್ತಿಬನ್ನಿ. ಲೇಬಲ್ ಓದಬೇಡಿ, ಫೋನ್ ತೆಗೆಯಬೇಡಿ. ಯಾವುದರ ಮುಂದೆ ಕಾಲು ತಾನಾಗಿ ನಿಧಾನವಾಯಿತು, ಯಾವುದನ್ನು ಕಂಡು ಸಣ್ಣದೊಂದು ಕಿರಿಕಿರಿಯಾಯಿತು, ಅಷ್ಟನ್ನು ಗಮನಿಸಿ.

ಸುತ್ತು ಮುಗಿದ ಮೇಲೆ ಮೂರರಿಂದ ಐದು ಕೃತಿ ಆರಿಸಿಕೊಳ್ಳಿ. ಅದರಲ್ಲಿ ಒಂದಾದರೂ ಹಿಡಿಸದೇ ಇದ್ದದ್ದಿರಲಿ. ಇಷ್ಟವಾದದ್ದನ್ನು ನಾವು ಮೆಚ್ಚುವ ಆತುರದಲ್ಲಿ ಸರಿಯಾಗಿ ನೋಡುವುದಿಲ್ಲ. ಕಿರಿಕಿರಿ ಮಾಡಿದ್ದನ್ನು ಜಗಳ ಆಡಲಿಕ್ಕಾದರೂ ಸರಿಯಾಗಿ ನೋಡುತ್ತೇವೆ. ಹದಿನೈದು ಇಪ್ಪತ್ತು ಕೃತಿಗಳ ಚಿಕ್ಕ ಏಕವ್ಯಕ್ತಿ ಪ್ರದರ್ಶನವಾದರೆ ಎಲ್ಲವನ್ನೂ ನೋಡಬಹುದು. ನೂರಿನ್ನೂರು ಕೃತಿಗಳಿದ್ದರೆ ಎಲ್ಲವನ್ನೂ ನೋಡುವ ಆಸೆಯನ್ನು ಬಿಟ್ಟುಬಿಡಿ, ಟಿಕೆಟ್ಟಿನ ಹಣ ವಸೂಲಿ ಮಾಡುವ ಜಾಗ ಅದಲ್ಲ.

ಒಳಗೆ ಬೆಳಕು ಮಂಕಾಗಿದ್ದರೆ ದೂರುವ ಮುಂಚೆ ಐದು ನಿಮಿಷ ಕೊಡಿ, ಕಣ್ಣು ಹೊಂದಿಕೊಳ್ಳುತ್ತದೆ. ಜಲವರ್ಣ, ರೇಖಾಚಿತ್ರ, ಮುದ್ರಣ (ಅಚ್ಚಿನಿಂದ ಕಾಗದಕ್ಕೆ ಒತ್ತಿ ತೆಗೆದ ಚಿತ್ರ), ಬಟ್ಟೆಗಳಿಗೆ ಮ್ಯೂಸಿಯಮ್ಮುಗಳು ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕನ್ನಷ್ಟೇ ಬಿಡುತ್ತವೆ; ತೈಲವರ್ಣಕ್ಕೆ ಸುಮಾರು 200. ಬೆಳಕು ಬಣ್ಣವನ್ನು ತಿನ್ನುತ್ತದೆ, ತಿಂದದ್ದು ಮರಳಿ ಬರುವುದಿಲ್ಲ. ವಾನ್ ಗಾಗ್ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಗೋಡೆ ಇವತ್ತು ತಿಳಿನೀಲಿಯಾಗಿ ಕಾಣುತ್ತದೆ. ಅವನು ಹಚ್ಚಿದ್ದು ನೇರಳೆ. ಅದರೊಳಗಿನ ಕೆಂಪು ಮಾಸಿ ಬರೀ ನೀಲಿ ಉಳಿದಿದೆ. ಹಳೆಯ ಚಿತ್ರದ ಬಣ್ಣದ ಬಗ್ಗೆ ದೊಡ್ಡ ಮಾತಾಡುವ ಮುಂಚೆ ಇದನ್ನು ನೆನಪಿನಲ್ಲಿಡಬೇಕು.

ನಿಲ್ಲುವ ಜಾಗ

ಒಂದು ಚಿತ್ರಕ್ಕೆ ಕನಿಷ್ಠ ಮೂರು ಕಡೆ ನಿಲ್ಲಬೇಕು. ಮೊದಲನೆಯದು ಇಡೀ ಚಿತ್ರ ಕತ್ತು ತಿರುಗಿಸದೆ ಕಣ್ಣಿಗೆ ಸಿಗುವ ದೂರ: ಮೂಲೆಯಿಂದ ಮೂಲೆಗೆ ಚಿತ್ರ ಎಷ್ಟು ಉದ್ದವಿದೆಯೋ ಅದರ ಒಂದೂವರೆಯಿಂದ ಎರಡು ಪಟ್ಟು. ಕರ್ಣ ಒಂದು ಮೀಟರ್ ಇದ್ದರೆ ಒಂದೂವರೆಯಿಂದ ಎರಡು ಮೀಟರ್ ಹಿಂದೆ. ಎರಡನೆಯದು ಒಂದು ತೋಳಿನಳತೆ. ಅಲ್ಲಿ ಚಿತ್ರ ಕರಗಿ ಬಣ್ಣ ಕಾಣತೊಡಗುತ್ತದೆ. ಮ್ಯಾಡ್ರಿಡ್ಡಿನ ಪ್ರಾಡೊದಲ್ಲಿರುವ ವೆಲಾಸ್ಕೆತ್‌ನ ‘ಲಾಸ್ ಮೆನಿನಾಸ್’ (1656) ಮೂರು ಮೀಟರಿಗೂ ಎತ್ತರವಾದ ಕ್ಯಾನ್ವಾಸು. ದೂರದಿಂದ ರಾಜಕುಮಾರಿಯ ಉಡುಪು ಮಿರುಗುವ ರೇಷ್ಮೆ. ಹತ್ತಿರ ಹೋದರೆ ಬೂದಿ, ಬಿಳಿ, ಕರಿಯ ಬಣ್ಣದ ಬೀಸು ಗೆರೆಗಳು, ಒಂದಕ್ಕೊಂದು ಸಂಬಂಧವೇ ಇಲ್ಲ ಎನ್ನುವಂಥವು. ಎಷ್ಟು ಹೆಜ್ಜೆ ಹಿಂದೆ ಸರಿದಾಗ ಗೆರೆ ಹೋಗಿ ರೇಷ್ಮೆ ಬಂತು? ಆ ಹೆಜ್ಜೆಯನ್ನು ಹುಡುಕುವುದೇ ಅರ್ಧ ಕೆಲಸ.

ಮೂರನೆಯದು ಪಕ್ಕ. ಗೋಡೆಗೆ ಹತ್ತಿರ ಸರಿದು ಓರೆಯಾಗಿ ನೋಡಿದರೆ ಬಣ್ಣ ಎಲ್ಲಿ ದಪ್ಪವಾಗಿ ಕೂತಿದೆ, ಎಲ್ಲಿ ತೆಳ್ಳಗೆ ಹರಡಿದೆ, ಎಲ್ಲಿ ಚಾಕುವಿನಲ್ಲಿ ಕೆರೆದು ತೆಗೆದಿದ್ದಾರೆ ಎಂಬುದು ತಿಳಿಯುತ್ತದೆ. ಕೆಲವು ಚಿತ್ರಗಳು ಈ ಓರೆನೋಟಕ್ಕೆಂದೇ ಏನನ್ನಾದರೂ ಬಚ್ಚಿಟ್ಟಿರುತ್ತವೆ. ಹೋಲ್‌ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಚಿತ್ರದಲ್ಲಿ ಇಬ್ಬರು ಸಿರಿವಂತರ ಕಾಲಬಳಿ ನೆಲದ ಮೇಲೆ ಎಳೆದುಹಾಕಿದಂತೆ ಉದ್ದನೆಯ ಮಾಸಲು ಆಕಾರವೊಂದಿದೆ. ಎದುರು ನಿಂತವರಿಗೆ ಅದು ಏನೂ ಅಲ್ಲ. ಬಲಗಡೆಗೆ ಸರಿದು ಗೋಡೆಯ ಪಕ್ಕದಿಂದ ನೋಡಿದರೆ ತಲೆಬುರುಡೆ.

ಈ ಅಳತೆಗಳನ್ನು ಮುರಿಯುವ ಕೃತಿಗಳೂ ಇವೆ. ಬಣ್ಣದ ದೊಡ್ಡ ದೊಡ್ಡ ಪಟ್ಟೆಗಳಿಂದಲೇ ಚಿತ್ರ ಮಾಡಿದ ಅಮೆರಿಕದ ಕಲಾವಿದ ಮಾರ್ಕ್ ರಾಥ್ಕೊ ತನ್ನ ಆಳೆತ್ತರದ ಕ್ಯಾನ್ವಾಸುಗಳನ್ನು ಸುಮಾರು 45 ಸೆಂಟಿಮೀಟರ್ ದೂರದಿಂದ ನೋಡಬೇಕೆನ್ನುತ್ತಿದ್ದ, ಬಣ್ಣ ನೋಡುವವರನ್ನು ಸುತ್ತುವರಿಯಲಿ ಎಂದು. ಆದರೆ ಎದುರಿಗೆ ಹಗ್ಗ ಕಟ್ಟಿದ್ದರೆ ಹಗ್ಗದ ಮಾತೇ ಕೊನೆ. ಪುಟಾಣಿ ಮಿನಿಯೇಚರ್ ಚಿತ್ರಗಳದ್ದು ಇನ್ನೊಂದು ಕತೆ. ಅವು ಗೋಡೆಗೆಂದು ಬರೆದವಲ್ಲ, ಕೈಯಲ್ಲಿ ಹಿಡಿದು ನೋಡಲು ಬರೆದವು. ಅವನ್ನು 30 ಸೆಂಟಿಮೀಟರಿನಿಂದ ನೋಡದಿದ್ದರೆ ನೋಡಿದಂತೆಯೇ ಅಲ್ಲ. ಗಾಜಿಗೆ ಮೂಗು ತಾಗಿಸದೆ ಬಗ್ಗಿ.

ಮುಟ್ಟಬಾರದು ಎನ್ನುವುದು ಎಲ್ಲರಿಗೂ ಗೊತ್ತು, ಆದರೂ ಅನಾಹುತ ಆಗುವುದು ಬೇರೆ ದಾರಿಯಲ್ಲಿ: ಜೊತೆಯವರಿಗೆ ‘ಇಲ್ಲಿ ನೋಡು’ ಎಂದು ತೋರಿಸುವಾಗ ಬೆರಳು ತಾಗುವುದು, ಸೆಲ್ಫಿಗೆ ಹಿಂದಕ್ಕೆ ಸರಿಯುವುದು. ಬೆರಳಿನ ಬೆವರು, ಎಣ್ಣೆಯಂಶ ಕೂಡಲೇ ಏನೂ ಮಾಡುವುದಿಲ್ಲ. ಕಾಲ ಕಳೆದಂತೆ ಕಲೆಯಾಗಿ ಮೂಡುತ್ತದೆ, ಲೋಹದ ಶಿಲ್ಪದಲ್ಲಂತೂ ಬೆರಳಚ್ಚೇ ಕಚ್ಚಿಕೊಳ್ಳುತ್ತದೆ. ತೋರಿಸಬೇಕಾದಾಗ ಬಾಯಲ್ಲಿ ಹೇಳಿ: ‘ಕೆಳಗಡೆ ಎಡಮೂಲೆ, ಕೆಂಪಿನ ಪಕ್ಕ’. ಹಾಗೆ ಹೇಳುವ ಅಭ್ಯಾಸ ಆಮೇಲೆ ಬರೆಯುವಾಗಲೂ ಕೈಹಿಡಿಯುತ್ತದೆ.

ಹತ್ತು ನಿಮಿಷ ಏನು ನೋಡುವುದು

ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ಎಂದರೆ ಮೊದಲ ಸಲ ಎರಡನೆಯ ನಿಮಿಷಕ್ಕೇ ಬೇಸರ ಬರುತ್ತದೆ. ಬರಲಿ. ‘ಇನ್ನೇನೂ ಇಲ್ಲ’ ಅನಿಸಿದ ಮೇಲೆಯೇ ಹೊಸದು ಕಾಣುವುದು. ಮಾಡಬೇಕಾದದ್ದನ್ನು ಒಂದು ಚಿತ್ರ ಹಿಡಿದೇ ನೋಡೋಣ: ಯಾನ್ ವಾನ್ ಐಕ್ 1434ರಲ್ಲಿ ಓಕ್ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆದ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಆರ್ನಾಲ್ಫಿನಿ ದಂಪತಿಯ ಚಿತ್ರ. ಎತ್ತರ 82 ಸೆಂಟಿಮೀಟರ್, ಅಗಲ 60.

ಮೊದಲ ಎರಡು ಮೂರು ನಿಮಿಷ ಬರೀ ಪಟ್ಟಿ ಮಾಡಿ, ಕಂಡದ್ದರ ಹೆಸರನ್ನಷ್ಟೇ. ಒಬ್ಬ ಗಂಡಸು, ದೊಡ್ಡ ಕರಿ ಟೋಪಿ, ತುಪ್ಪಳದ ಅಂಚಿನ ನಿಲುವಂಗಿ. ಒಬ್ಬ ಹೆಂಗಸು, ಹಸಿರು ಉಡುಪು, ಬಿಳಿ ತಲೆವಸ್ತ್ರ. ಅವಳ ಬಲಗೈ ಅವನ ಎಡ ಅಂಗೈಯಲ್ಲಿ. ನಡುವೆ ಒಂದು ನಾಯಿ. ಎಡಗಡೆ ಕಿಟಕಿ, ಅದರ ಬಳಿ ಕಿತ್ತಳೆ ಹಣ್ಣು. ಕೆಳಗೆ ಕಳಚಿಟ್ಟ ಮರದ ಪಾದರಕ್ಷೆ. ಬಲಗಡೆ ಕೆಂಪು ಹಾಸಿಗೆ. ಮೇಲೆ ಹಿತ್ತಾಳೆಯ ದೀಪಗೊಂಚಲು. ಹಿಂದಿನ ಗೋಡೆಯ ಮೇಲೆ ಉಬ್ಬುಗನ್ನಡಿ. ‘ಪ್ರೀತಿ’, ‘ಗಂಭೀರ’, ‘ಶ್ರೀಮಂತಿಕೆ’ ಎಂಬ ಮಾತುಗಳು ಈ ಪಟ್ಟಿಯಲ್ಲಿ ಬರಕೂಡದು, ಅವು ಕಂಡದ್ದಲ್ಲ, ನೀವು ಸೇರಿಸಿದ್ದು.

ಆಮೇಲೆ ಕಣ್ಣಿನ ದಾರಿ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ? ಇಲ್ಲಿ ಸಾಮಾನ್ಯವಾಗಿ ಹಸಿರು ಉಡುಪಿಗೆ, ಮುಖಗಳಿಗೆ, ಜೋಡಿಸಿದ ಕೈಗಳಿಗೆ. ಕೈಗಳ ಮೇಲುಗಡೆ ನೇರಕ್ಕೆ ಕನ್ನಡಿ ಸಿಗುತ್ತದೆ, ಕನ್ನಡಿಯ ಮೇಲುಗಡೆ ದೀಪ. ನಡುಗೆರೆಯುದ್ದಕ್ಕೂ ಎಲ್ಲವನ್ನೂ ಪೋಣಿಸಿದ್ದಾನೆ. ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿದೆ, ನೆರಳುಗಳು ಅದಕ್ಕೆ ಸರಿಯಾಗಿ ಬಿದ್ದಿವೆಯೇ ಎಂದು ಒಂದೊಂದಾಗಿ ನೋಡಿ.

ಈಗ ಹತ್ತಿರ. ದೀಪಗೊಂಚಲಿನಲ್ಲಿ ಹಗಲು ಹೊತ್ತಿನಲ್ಲೂ ಒಂದೇ ಒಂದು ಮೇಣದಬತ್ತಿ ಉರಿಯುತ್ತಿದೆ. ಅಂಗೈಯಗಲವೂ ಇಲ್ಲದ ಕನ್ನಡಿಯಲ್ಲಿ ದಂಪತಿಯ ಬೆನ್ನು ಕಾಣುತ್ತದೆ, ಅವರಾಚೆ ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದಾರೆ. ಅಂದರೆ ನೀವು ನಿಂತಿರುವ ಜಾಗದಲ್ಲಿ. ಕನ್ನಡಿಯ ಚೌಕಟ್ಟಿನ ಸುತ್ತ ಹತ್ತು ಪುಟ್ಟ ವೃತ್ತಗಳು, ಒಂದೊಂದರಲ್ಲೂ ಕ್ರಿಸ್ತನ ಕೊನೆಯ ದಿನಗಳ ಒಂದೊಂದು ದೃಶ್ಯ. ಕನ್ನಡಿಯ ಮೇಲೆ ಗೋಡೆಗೇ ಬರೆದಂತೆ ಲ್ಯಾಟಿನ್ ಬರಹ: ‘ಯಾನ್ ವಾನ್ ಐಕ್ ಇಲ್ಲಿದ್ದ, 1434’. ಮೂಲೆಯಲ್ಲಿ ಸಹಿ ಹಾಕುವ ಬದಲು ತಾನು ಸಾಕ್ಷಿ ಎಂದು ಬರೆದುಕೊಂಡಿದ್ದಾನೆ. ಇದು 27 ಸೆಕೆಂಡಿನಲ್ಲಿ ಕಣ್ಣಿಗೆ ಬೀಳುವುದಲ್ಲ.

ಅರ್ಥದ ಪ್ರಶ್ನೆಗೆ ಇಷ್ಟಾದ ಮೇಲೆ ಬನ್ನಿ. ಹೆಚ್ಚಿನವರು ಆ ಹೆಂಗಸು ಬಸುರಿ ಎಂದುಕೊಳ್ಳುತ್ತಾರೆ. ಏನನ್ನು ನೋಡಿ ಹಾಗೆ ಅಂದಿರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೊಟ್ಟೆಯ ಉಬ್ಬು. ಸರಿ, ಇನ್ನೊಮ್ಮೆ ನೋಡಿ: ನೆಲಕ್ಕೆ ಎಳೆಯುವಷ್ಟು ಉದ್ದದ ಬಟ್ಟೆಯನ್ನು ಎಡಗೈಯಲ್ಲಿ ಮುದ್ದೆಮಾಡಿ ಎತ್ತಿ ಹೊಟ್ಟೆಗೆ ಆನಿಸಿಕೊಂಡಿದ್ದಾಳೆ. ಆ ಕಾಲದ ಚಿತ್ರಗಳಲ್ಲಿ ಕನ್ಯೆಯರಾದ ಸಂತಿಯರೂ ಇದೇ ನಿಲುವಿನಲ್ಲಿ ಕಾಣುತ್ತಾರೆ. ಅದು ಉಡುಪಿನ ರೀತಿ ಎನ್ನುವುದು ಕಲಾ ಇತಿಹಾಸಕಾರರಲ್ಲಿ ಹೆಚ್ಚಿನವರ ಮಾತು. ಮೊದಲ ಊಹೆ ತಪ್ಪಾದರೆ ನಾಚಿಕೆಯೇನಿಲ್ಲ. ಊಹೆಗೆ ಕಾರಣ ಗೊತ್ತಿದ್ದರೆ ತಿದ್ದಿಕೊಳ್ಳಬಹುದು, ಗೊತ್ತಿಲ್ಲದಿದ್ದರೆ ತಿದ್ದಲೂ ಆಗುವುದಿಲ್ಲ.

‘ಏನನ್ನು ನೋಡಿ ಹಾಗೆ ಅಂದಿರಿ?’ ಎಂಬ ಈ ಪ್ರಶ್ನೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು, ಬೇರೆ ಯಾವ ಸಿದ್ಧಾಂತವೂ ತುರ್ತಿನದಲ್ಲ.

ಲೇಬಲ್ ಓದುವ ಬಗೆ

ಕಣ್ಣಿನ ಕೆಲಸ ಮುಗಿದ ಮೇಲೆ ಲೇಬಲ್ ಓದಿ, ಓದಿ ಮತ್ತೆ ಚಿತ್ರಕ್ಕೆ ಮರಳಿ. ಮರಳದಿದ್ದರೆ ಲೇಬಲ್ ಓದಿದ್ದು ದಂಡ. ಅದರಲ್ಲಿ ಇರುವುದು ಸಾಮಾನ್ಯವಾಗಿ ಕಲಾವಿದರ ಹೆಸರು, ಹುಟ್ಟು ಸಾವಿನ ವರ್ಷ, ಶೀರ್ಷಿಕೆ, ರಚಿಸಿದ ವರ್ಷ, ಮಾಧ್ಯಮ, ಅಳತೆ, ಯಾರ ಸಂಗ್ರಹ ಎಂಬ ಸಾಲು, ದಾಖಲೆ ಸಂಖ್ಯೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಶಿಲ್ಪವಾದರೆ ಕೊನೆಗೆ ಆಳ. ಬರೆದ ವರ್ಷದಿಂದ ಹುಟ್ಟಿದ ವರ್ಷ ಕಳೆದು ನೋಡಿ, ಇದು ಇಪ್ಪತ್ತೈದರ ಕೆಲಸವೋ ಎಪ್ಪತ್ತರದೋ ಎಂದು ತಿಳಿಯುತ್ತದೆ. ಒಂದೇ ವರ್ಷದ ಬದಲು ‘2009–2016’ ಎಂದಿದ್ದರೆ ಚಿತ್ರ ಏಳು ವರ್ಷ ಸ್ಟುಡಿಯೊದಲ್ಲಿ ಕೂತಿತ್ತೆಂದು ಅರ್ಥ. ತಿದ್ದಿದ ಗುರುತು ಎಲ್ಲಾದರೂ ಇದೆಯೇ ಹುಡುಕಿ.

ಹಳೆಯ ಕೃತಿಗಳಲ್ಲಿ ಹೆಸರಿನ ಮುಂದಿನ ಸಣ್ಣ ಪದಗಳಿಗೆ ತೂಕ ಹೆಚ್ಚು. ‘ಇವರದೆಂದು ಹೇಳಲಾದ’ ಎಂದರೆ ತಜ್ಞರಿಗೆ ಪೂರ್ತಿ ಖಾತ್ರಿಯಿಲ್ಲ. ‘ಇವರ ಕಾರ್ಯಾಗಾರ’ ಎಂದರೆ ಶಿಷ್ಯರ ಕೈ ಇದೆ. ‘ಇವರನ್ನು ಅನುಸರಿಸಿ’ ಎಂದರೆ ನಕಲು.

ಶೀರ್ಷಿಕೆಯನ್ನು ಪೂರ್ತಿ ನಂಬಬೇಡಿ. ರೆಂಬ್ರಾಂಟ್‌ನ ‘ರಾತ್ರಿ ಪಹರೆ’ (1642) ರಾತ್ರಿಯ ಚಿತ್ರವೇ ಅಲ್ಲ. ವಾರ್ನಿಶ್ ಮತ್ತು ಕೊಳೆ ಕಪ್ಪಾಗಿ ಹಗಲು ರಾತ್ರಿಯಂತೆ ಕಂಡ ಮೇಲೆ ಬಂದ ಹೆಸರು ಅದು. ಸಾಲದ್ದಕ್ಕೆ 1715ರಲ್ಲಿ ಅದನ್ನು ಹೊಸ ಗೋಡೆಗೆ ಹೊಂದಿಸಲು ನಾಲ್ಕೂ ಅಂಚು ಕತ್ತರಿಸಿದರು. ಹಾಗಾಗಿ ಅದರ ಸಂಯೋಜನೆಯ ಬಗ್ಗೆ ಮಾತಾಡುವಾಗ ಕತ್ತರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ‘ಶೀರ್ಷಿಕೆಯಿಲ್ಲ’ ಎಂಬುದು ಸೋಮಾರಿತನವಲ್ಲ, ಮಾತು ಮೊದಲು ಬಂದು ನೋಟಕ್ಕೆ ಅಡ್ಡ ಕೂರದಿರಲಿ ಎಂಬ ಎಚ್ಚರ. ಹೆಚ್ಚಿನ ಸಲವಾದರೂ.

ಮಾರಾಟದ ಗ್ಯಾಲರಿಯಲ್ಲಿ ಲೇಬಲ್ಲಿನ ಬಳಿ ಅಂಟಿಸಿದ ಕೆಂಪು ಚುಕ್ಕೆ ಎಂದರೆ ಕೃತಿ ಮಾರಾಟವಾಗಿದೆ. ಬೆಲೆ ಗೋಡೆಯ ಮೇಲೆ ಇರದಿದ್ದರೆ ಮೇಜಿನ ಮೇಲೆ ಪಟ್ಟಿ ಇರುತ್ತದೆ, ಕೇಳಿದರೆ ಕೊಡುತ್ತಾರೆ, ಕೊಳ್ಳುವವರೇ ಕೇಳಬೇಕೆಂದೇನಿಲ್ಲ.

ಗೋಡೆಯ ಮೇಲಿನ ಉದ್ದನೆಯ ಪರಿಚಯ ಬರಹ ಕ್ಯುರೇಟರಿನ, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸಿದವರ, ಓದು, ತೀರ್ಪಲ್ಲ. ಅದರಲ್ಲಿ ‘ಅಸ್ಮಿತೆಯ ಅನ್ವೇಷಣೆ’, ‘ಸ್ಮೃತಿ ಮತ್ತು ಅವಕಾಶದ ಸಂವಾದ’ ಬಗೆಯ ಸಾಲು ಬಂದರೆ ಗಾಬರಿ ಬೇಡ. ಈ ಕೋಣೆಯ ಯಾವ ಕೃತಿಯಲ್ಲಿ, ಯಾವ ಮೂಲೆಯಲ್ಲಿ ಅದು ಕಾಣುತ್ತಿದೆ ಎಂದು ಹುಡುಕಿ. ಸಿಕ್ಕರೆ ಲಾಭ. ಸಿಗದಿದ್ದರೆ ತಪ್ಪು ನಿಮ್ಮದೇ ಆಗಿರಬೇಕಾಗಿಲ್ಲ.

ಗೋಡೆಯ ಚಿತ್ರವಲ್ಲದವು

ಶಿಲ್ಪವನ್ನು ಸುತ್ತಬೇಕು, ಎರಡು ಸಲ: ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಯಾವ ಕೋನದಲ್ಲಿ ಆಕಾರ ಬಿಗಿಯಾಗುತ್ತದೆ, ಯಾವುದರಲ್ಲಿ ಸಡಿಲ ಬೀಳುತ್ತದೆ ನೋಡಿ. ಭಾರ ಎಲ್ಲಿ ನೆಲಕ್ಕೆ ಇಳಿಯುತ್ತಿದೆ ಎಂಬುದನ್ನು ಹುಡುಕಿದರೆ ಕಲ್ಲಿನ ಶಿಲ್ಪದಲ್ಲಿ ಕಾಲಿನ ಪಕ್ಕ ಒಂದು ಮರದ ಬುಡವೋ ಬಟ್ಟೆಯ ಮಡಿಕೆಯೋ ಏಕಿದೆ ಎಂದು ತಾನಾಗಿ ಹೊಳೆಯುತ್ತದೆ: ಕಲ್ಲಿನ ಕಣಕಾಲು ಇಡೀ ಮೈಯ ಭಾರ ತಡೆಯುವುದಿಲ್ಲ, ಆಸರೆ ಬೇಕು. ಕಂಚಿಗೆ ಆ ಕಷ್ಟವಿಲ್ಲ, ಒಳಗೆ ಪೊಳ್ಳು.

ಮುದ್ರಣಗಳಲ್ಲಿ ಕೆಳಗಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ 3/25 ಕಂಡರೆ, 25 ಪ್ರತಿಗಳಲ್ಲಿ ಇದಕ್ಕೆ ಕೊಟ್ಟ ಸಂಖ್ಯೆ 3 ಎಂದರ್ಥ. ‘ಎ/ಪಿ’ ಎಂದಿದ್ದರೆ ಕಲಾವಿದರು ಇಟ್ಟುಕೊಂಡ ಪ್ರತಿ. ಎಚ್ಚಿಂಗ್ (ಲೋಹದ ಫಲಕದಲ್ಲಿ ಆಮ್ಲದಿಂದ ಗೆರೆ ಕೊರೆದು ತೆಗೆದ ಮುದ್ರಣ) ಆದರೆ ಚಿತ್ರದ ಸುತ್ತ ಲೋಹದ ಫಲಕ ಒತ್ತಿದ ತಗ್ಗು ಕಾಗದದಲ್ಲಿ ಕಾಣುತ್ತದೆ. ಮುದ್ರಣಗಳ ಅಳತೆ ಎಲ್ಲರಿಗೂ ಮೋಸಮಾಡುತ್ತದೆ. ಜಪಾನಿನ ಹೊಕುಸಾಯ್‌ನ ‘ಮಹಾ ಅಲೆ’ಯನ್ನು ಪೋಸ್ಟರುಗಳಲ್ಲಿ ನೋಡಿದವರಿಗೆ ಅದರ ನಿಜವಾದ ಅಳತೆ ಸುಮಾರು 25 × 37 ಸೆಂಟಿಮೀಟರ್ ಎಂದರೆ ನಂಬಿಕೆ ಬರುವುದಿಲ್ಲ. ಆ ಪುಟ್ಟ ಹಾಳೆಯಲ್ಲಿ ಮೂರು ದೋಣಿಗಳಿವೆ, ಮೊದಲ ನೋಟಕ್ಕೆ ಎಷ್ಟು ಸಿಕ್ಕವು?

ವಿಡಿಯೊ ಕೃತಿಗೆ ಲೇಬಲ್ ಮೊದಲು ಓದುವುದೇ ಸರಿ, ಅವಧಿ ಅಲ್ಲಿರುತ್ತದೆ. 6 ನಿಮಿಷದ್ದಾದರೆ ನಡುವೆ ಹೊಕ್ಕರೂ ಮತ್ತೆ ಮೊದಲಿಗೆ ಬರುವವರೆಗೆ ಕೂತು ಪೂರ್ತಿ ನೋಡಿ. ಕ್ರಿಶ್ಚಿಯನ್ ಮಾರ್ಕ್ಲೆಯ ‘ದಿ ಕ್ಲಾಕ್’ (2010) 24 ಗಂಟೆಯದು; ಅಂಥದಕ್ಕೆ ಇಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡಿಕೊಂಡು ಕೂರಬೇಕು. ಇನ್‌ಸ್ಟಲೇಷನ್ನಿನಲ್ಲಿ (ಜಾಗವನ್ನೇ ಕೃತಿಯಾಗಿಸಿ ವಸ್ತುಗಳನ್ನು ಜೋಡಿಸಿದ್ದು) ಒಳಗೆ ಹೋಗಬಹುದೇ, ಮುಟ್ಟಬಹುದೇ ಎಂದು ಕಾವಲಿನವರನ್ನು ಕೇಳಿ. ಹಾಗೆಯೇ ಒಂದೆರಡು ಮಾತು ಬೇರೆಯೂ ಕೇಳಿ. ದಿನವಿಡೀ ಕೃತಿಗಳ ಜೊತೆ ನಿಲ್ಲುವವರು ಅವರು, ಯಾವುದರ ಮುಂದೆ ಜನ ನಗುತ್ತಾರೆ, ಯಾವುದರ ಮುಂದೆ ಜಗಳವಾಡುತ್ತಾರೆ ಎಂಬುದು ಅವರಿಗೆ ಗೊತ್ತು.

‘ಇದನ್ನು ನಮ್ಮ ಮಗುವೂ ಬರೆಯುತ್ತೆ’

ಗುರುತು ಹಿಡಿಯುವ ವಸ್ತುವೇನೂ ಇಲ್ಲದ ಅಮೂರ್ತ ಚಿತ್ರದ ಮುಂದೆ ‘ಇದೇನು?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಇದನ್ನು ಹೇಗೆ ಮಾಡಿದ್ದಾರೆ?’ ಎಂದು ಕೇಳಿ. ಯಾವ ಬಣ್ಣ ಮೊದಲು ಬಿತ್ತು, ಯಾವುದು ಅದರ ಮೇಲೆ? ಎರಡು ಬಣ್ಣ ಸೇರುವ ಅಂಚು ಚೂಪಾಗಿದೆಯೋ, ಒಂದರೊಳಗೊಂದು ಹಬ್ಬಿದೆಯೋ? ಬಣ್ಣ ಇಳಿದ ಗೆರೆ ಕೆಳಕ್ಕೇ ಹೋಗಿದೆಯೋ ಅಡ್ಡಕ್ಕೋ? ಅಡ್ಡಕ್ಕೆ ಹೋಗಿದ್ದರೆ ಕ್ಯಾನ್ವಾಸನ್ನು ತಿರುಗಿಸಿ ಬರೆದಿದ್ದಾರೆ. ಕುಂಚದ ಬೀಸು ಮಣಿಕಟ್ಟಿನದೋ, ಇಡೀ ತೋಳಿನದೋ? ಕ್ಯಾನ್ವಾಸಿನ ಪಕ್ಕದ ದಪ್ಪವನ್ನು ನೋಡಿ, ತಳಪದರಗಳ ಬಣ್ಣ ಅಲ್ಲಿ ಸೋರಿ ನಿಂತಿರುತ್ತದೆ.

ಮಾಲೆವಿಚ್‌ನ ‘ಕಪ್ಪು ಚೌಕ’ (1915) ಈ ಬಗೆಯ ಚಿತ್ರಗಳಲ್ಲಿ ಅತಿ ಹೆಚ್ಚು ಬೈಸಿಕೊಂಡದ್ದು. ಅಚ್ಚಿನಲ್ಲಿ ಅದು ಬರೀ ಕಪ್ಪು. ಎದುರು ನಿಂತರೆ ಅಂಚುಗಳು ನೂಲು ಹಿಡಿದಂತೆ ನೇರವಿಲ್ಲ, ಮೈತುಂಬ ಬಿರುಕು, ಬಿರುಕುಗಳಲ್ಲಿ ಕೆಳಗಿನ ಬೇರೆ ಬಣ್ಣಗಳು ಇಣುಕುತ್ತವೆ. ಆ ಕಪ್ಪಿನಡಿ ಎರಡು ಬೇರೆ ಬಣ್ಣದ ಸಂಯೋಜನೆಗಳಿವೆ ಎಂದು ಮಾಸ್ಕೊದ ಟ್ರೆಟ್ಯಕೋವ್ ಗ್ಯಾಲರಿಯ ತಜ್ಞರು 2015ರಲ್ಲಿ ತಿಳಿಸಿದರು. ಇಷ್ಟು ತಿಳಿದ ಮೇಲೂ ಹಿಡಿಸಲಿಲ್ಲವೇ? ಆಗಬಹುದು. ಆದರೆ ಆ ‘ಇಲ್ಲ’ ಈಗ ನೋಡಿ ಹೇಳಿದ್ದು.

ಹೇಳುವುದು, ಬರೆಯುವುದು

ಪ್ರತಿಕ್ರಿಯೆ ಕೆಡುವುದು ವಿಶೇಷಣಗಳಿಂದ. ಅದ್ಭುತ, ಮನಮೋಹಕ, ವಿಭಿನ್ನ, ಅರ್ಥಪೂರ್ಣ: ಈ ನಾಲ್ಕನ್ನು ಯಾವ ಚಿತ್ರದ ಪಕ್ಕ ಇಟ್ಟರೂ ಹೊಂದುತ್ತವೆ, ಅದಕ್ಕೇ ಯಾವುದರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಹೀಗೊಂದು ಚಿತ್ರ ಇದೆಯೆನ್ನಿ: ಖಾಲಿ ಕೋಣೆ, ಒಬ್ಬ ಮುದುಕ. ‘ಕಲಾವಿದರು ಒಂಟಿತನವನ್ನು ಅದ್ಭುತವಾಗಿ ಸೆರೆಹಿಡಿದಿದ್ದಾರೆ’ ಎಂದು ಬರೆದರೆ ಓದಿದವರಿಗೆ ಏನೂ ಕಾಣುವುದಿಲ್ಲ. ‘ಕ್ಯಾನ್ವಾಸಿನ ಮುಕ್ಕಾಲು ಪಾಲು ಬರೀ ಬೂದಿ ಗೋಡೆ. ಮುದುಕ ಬಲಗಡೆಯ ಅಂಚಿಗೆ ಎಷ್ಟು ಒತ್ತಿಕೊಂಡಿದ್ದಾನೆಂದರೆ ಅವನ ಭುಜ ಚೌಕಟ್ಟಿಗೆ ತುಂಡಾಗಿದೆ. ಅವನಿಗೆ ತನ್ನ ಕೋಣೆಯಲ್ಲೇ ಜಾಗ ಇಲ್ಲದಂತೆ ಅನಿಸಿತು’ ಎಂದರೆ ಚಿತ್ರ ನೋಡದವರ ಕಣ್ಣಿಗೂ ಚಿತ್ರ ಬಂತು. ಇದರಲ್ಲಿ ಮೊದಲು ಕಂಡದ್ದು, ಆಮೇಲೆ ಆದದ್ದು. ಆ ಕ್ರಮ ತಪ್ಪಿಸಬೇಡಿ.

ಅಭಿಪ್ರಾಯ ಪುಸ್ತಕದಲ್ಲಿ ಬರೆಯುವುದಾದರೆ ಒಂದು ಕೃತಿಯ ಹೆಸರು, ಅದರಲ್ಲಿ ಕಂಡ ಒಂದು ವಿವರ, ಅದರಿಂದಾದ ಒಂದು ಪರಿಣಾಮ, ಇಷ್ಟು ಎರಡು ಸಾಲಿನಲ್ಲಿ ಸಾಕು. ಪ್ರದರ್ಶನ ಮುಗಿದ ಮೇಲೆ ಕಲಾವಿದರು ಈ ಪುಸ್ತಕವನ್ನು ಓದುತ್ತಾರೆ. ‘ಶುಭವಾಗಲಿ’ ಎಂಬ ಐವತ್ತು ಸಾಲುಗಳ ನಡುವೆ ‘7ನೆಯ ಚಿತ್ರದ ಕಿಟಕಿಯ ನೆರಳು ತಪ್ಪು ದಿಕ್ಕಿಗೆ ಬಿದ್ದಿದೆ ಅನಿಸಿತು, ಬೇಕೆಂದೇ ಮಾಡಿದ್ದೇ?’ ಎಂಬ ಒಂದು ಸಾಲಿಗೆ ಅವರು ನಿಲ್ಲುತ್ತಾರೆ.

ಕಲಾವಿದರು ಎದುರಿಗೇ ಸಿಕ್ಕರೆ ‘ಇದರ ಅರ್ಥವೇನು?’, ‘ಎಷ್ಟು ದಿನ ಹಿಡೀತು?’ ಇವೆರಡನ್ನು ಬಿಟ್ಟು ಬೇರೆ ಏನನ್ನಾದರೂ ಕೇಳಿ. ಇವಕ್ಕೆ ಅವರ ಬಳಿ ಬಾಯಿಪಾಠದ ಉತ್ತರ ಇರುತ್ತದೆ. ಇಲ್ಲಿರುವುದರಲ್ಲಿ ಹೆಚ್ಚು ಸತಾಯಿಸಿದ್ದು ಯಾವುದು, ಮುಗಿಯಿತು ಎಂದು ಗೊತ್ತಾದದ್ದು ಹೇಗೆ, ಈ ಹಳದಿಯ ಕೆಳಗೆ ಏನಿತ್ತು ಎಂದು ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತದೆ. ಮೆಚ್ಚದಿದ್ದರೆ ಸುಳ್ಳು ಹೊಗಳಿಕೆ ಬೇಡ, ಮುಖಕ್ಕೆ ಹೊಡೆದಂತೆಯೂ ಬೇಡ. ‘ಈ ಎರಡು ಚಿತ್ರ ಪಕ್ಕಪಕ್ಕ ಇದ್ದದ್ದರಿಂದ ಒಂದು ಇನ್ನೊಂದನ್ನು ನುಂಗಿತು ಅನಿಸಿತು’ ಎನ್ನುವಂಥ ಮಾತನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಮಕ್ಕಳ ಜೊತೆ ಹೋದಾಗ ಅರ್ಧ ಗಂಟೆಗಿಂತ ಹೆಚ್ಚು ಎಳೆಯಬೇಡಿ, ವಿವರಣೆಯನ್ನೂ ಕೊಡಬೇಡಿ. ‘ಇಲ್ಲಿ ಏನು ನಡೀತಿದೆ?’, ‘ಏನು ನೋಡಿ ಹಾಗಂದೆ?’, ‘ಇನ್ನೇನು ಕಾಣುತ್ತೆ?’ ಎಂಬ ಮೂರು ಪ್ರಶ್ನೆ ಸಾಕು. ಮತ್ತೆ, ಒಮ್ಮೆ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ಚಿತ್ರಗಳ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ನೇತುಹಾಕುವುದು ರೂಢಿ, ಅದು ದೊಡ್ಡವರ ಕಣ್ಣಿನ ಮಟ್ಟ. ಮಗುವಿಗೆ ಕಾಣುವುದು ಚೌಕಟ್ಟಿನ ಕೆಳಗಿನ ಪಟ್ಟಿ, ಗಾಜಿನಲ್ಲಿ ಹೊಳೆಯುವ ದೀಪ. ಬೇಸರವಾಗದೇನು.

ಫೋಟೊ ತೆಗೆಯಲು ಅನುಮತಿ ಇದ್ದರೂ ಫ್ಲಾಶ್ ಬೇಡ. ಇಡೀ ಚಿತ್ರದ ಫೋಟೊದಿಂದ ಪ್ರಯೋಜನವೂ ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಮ್ಯೂಸಿಯಮ್ಮೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಗಣ್ಣಲ್ಲಿ ನೋಡಿದ್ದಕ್ಕಿಂತ ಫೋಟೊ ತೆಗೆದ ವಸ್ತುಗಳೇ ಹೆಚ್ಚು ಮರೆತುಹೋಗಿದ್ದವು. ಯಾವುದಾದರೂ ಒಂದು ಭಾಗವನ್ನು ಝೂಮ್ ಮಾಡಿ ತೆಗೆದಾಗ ಮಾತ್ರ ನೆನಪು ಹಾಗೆ ಕುಂದಿರಲಿಲ್ಲ. ಆದ್ದರಿಂದ ಒಂದು ಕೃತಿಗೆ ಎರಡೇ ಫೋಟೊ: ನಿಮ್ಮನ್ನು ನಿಲ್ಲಿಸಿದ ಆ ಒಂದು ಮೂಲೆ, ಮತ್ತು ಲೇಬಲ್. ಉಳಿದದ್ದನ್ನು ಪೆನ್ಸಿಲ್ಲಿನಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಚೌಕದಲ್ಲಿ ಗೀಚಿಕೊಳ್ಳಿ. ಚೆನ್ನಾಗಿ ಬರೆಯಲು ಬಾರದಿರುವುದು ಅಡ್ಡಿಯಲ್ಲ. ಗೀಚುವಾಗ ಆ ಗೆರೆ ಎಲ್ಲಿಂದ ಹೊರಟು ಎಲ್ಲಿ ನಿಂತಿತು ಎಂದು ನೋಡಲೇಬೇಕಾಗುತ್ತದೆ, ಬೇಕಾದದ್ದು ಅಷ್ಟೇ.

ಟಿಪ್ಪಣಿಯನ್ನು ಅದೇ ದಿನ, ತಡವೆಂದರೆ ಮರುದಿನ, ಇನ್ನೂರು ಮುನ್ನೂರು ಪದಗಳಿಗೆ ಬೆಳೆಸಿ. ಪ್ರದರ್ಶನದ ಎಲ್ಲ ಕೃತಿಗಳ ಬಗ್ಗೆ ಒಂದೊಂದು ಸಾಲು ಬರೆಯಹೊರಟರೆ ವರದಿಯಾಗುತ್ತದೆ. ಎರಡೇ ಕೃತಿ ಹಿಡಿದು, ಅವೆರಡರ ನಡುವೆ ಏನು ನಡೆಯಿತು ಎಂದು ಬರೆಯಿರಿ. ಬರೆಯುವ ಮುಂಚೆ ಫೋಟೊ ತೆರೆಯಬೇಡಿ. ಖಾಲಿ ಹಾಳೆಯಲ್ಲಿ ಚಿತ್ರದ ಆಕಾರದ ಒಂದು ಚೌಕ ಎಳೆದು, ನೆನಪಿನಿಂದಲೇ ಏನೇನು ಎಲ್ಲಿತ್ತು ಎಂದು ಗುರುತು ಹಾಕಿ. ಎಲ್ಲೋ ಒಂದು ಕಡೆ ಹಾಳೆ ಖಾಲಿ ಉಳಿಯುತ್ತದೆ. ಪ್ರದರ್ಶನ ಇನ್ನೂ ನಡೆಯುತ್ತಿದ್ದರೆ ಮತ್ತೊಮ್ಮೆ ಹೋಗಿ, ಸೀದಾ ಆ ಮೂಲೆಯ ಮುಂದೆ ನಿಂತುಕೊಳ್ಳಿ.